ಅಪ್ಪನ ಪಕ್ಕದ ದನಿ

ಕಾಪಿ ಬರೆಸುವಾಗ ಶಾಲೆಯ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ: "ಮೇಲಿರುವ ಅಚ್ಚಿನ ಸಾಲು ನೋಡಿ ಬರೀರಿ, ನೀವೇ ಬರೆದದ್ದನ್ನು ನೋಡಿ ಬರೀಬೇಡಿ." ಯಾರೂ ಕೇಳುವುದಿಲ್ಲ. ಎರಡನೇ ಸಾಲಿನಲ್ಲಿ ಬಿಟ್ಟ ಒತ್ತು ಹತ್ತನೇ ಸಾಲಿನಲ್ಲೂ ಬಿಟ್ಟೇ ಇರುತ್ತದೆ.

ಮೊನ್ನೆ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು ಮಗ ರಮಾಕಾಂತರೊಂದಿಗೆ ಹಾಡಿದ್ದನ್ನು ಕೇಳುತ್ತಿದ್ದಾಗ ಈ ಕಾಪಿ ಪುಸ್ತಕ ನೆನಪಾಯಿತು.

ಶ್ರೀಕಂಠನ್ ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರು. ಕಾವೇರಿ ದಂಡೆಯ ಆ ಊರಿನ ಸಂಕೇತಿ ಮನೆಗಳಲ್ಲಿ ಸಂಗೀತ ತಲೆತಲಾಂತರದ್ದು. 1920ರಲ್ಲಿ ಹುಟ್ಟಿದ ಅವರಿಗೆ ತಂದೆ ಕೃಷ್ಣಶಾಸ್ತ್ರಿಗಳೇ ಮೊದಲ ಗುರು. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಬಹುಕಾಲ ಆಕಾಶವಾಣಿಯಲ್ಲಿ ಕೆಲಸ ಮಾಡಿದರು. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡುತ್ತಿದ್ದು, 2014ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇಂಥ ತಂದೆಯ ಪಕ್ಕದಲ್ಲಿ ಕೂತು ಹಾಡುವ ಮಗನ ಕಷ್ಟ ನೋಡಿ. ಹಾಗೇ ಹಾಡಿದರೆ "ಅಪ್ಪನ ನಕಲು" ಎನ್ನುತ್ತಾರೆ, ಬೇರೆಯಾಗಿ ಹಾಡಿದರೆ "ಅಪ್ಪನಂತಿಲ್ಲ" ಎನ್ನುತ್ತಾರೆ. ನನಗೆ ಶಾಸ್ತ್ರ ಅಷ್ಟಾಗಿ ತಿಳಿಯದು. ಆದರೂ ಕಿವಿಗೆ ತೋಚಿದ್ದನ್ನು ಹೇಳುತ್ತೇನೆ. ರಮಾಕಾಂತರು ಅಪ್ಪನ ಕಂಠವನ್ನು ಅನುಕರಿಸುವುದಿಲ್ಲ. ಅಪ್ಪ ಯಾವುದಕ್ಕೆ ನಿಷ್ಠರಾಗಿದ್ದರೋ ಅದಕ್ಕೆ ತಾವೂ ನಿಷ್ಠರು: ಶ್ರುತಿ, ಮತ್ತು ಸಾಹಿತ್ಯದ ಒಂದೊಂದು ಅಕ್ಷರದ ಸ್ಪಷ್ಟತೆ. ಶ್ರೀಕಂಠನ್ ಅವರ ಬಾಯಲ್ಲಿ ಪದ ನುಂಗಿಹೋಗುವುದಿಲ್ಲ. ಮಗನ ಬಾಯಲ್ಲೂ ಇಲ್ಲ. ತಂದೆಯ ಜೊತೆಗಿದ್ದಾಗ ಮಗ ತುಸು ಹೆಚ್ಚೇ ವಿನಯದಿಂದ ಹಿಂದೆ ಸರಿಯುತ್ತಾರೆ, ಇನ್ನಷ್ಟು ಬಿಚ್ಚಿ ಹಾಡಬಹುದಿತ್ತು ಎಂದೂ ಅನ್ನಿಸಿದ್ದುಂಟು. ಆದರೆ ಅವರು ನೋಡಿ ಬರೆದದ್ದು ಮೇಲಿನ ಸಾಲನ್ನೇ.

ಇದನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. ನಮ್ಮಮ್ಮ ಹಸೆಗೆ ಕರೆಯುವ ಹಾಡೊಂದನ್ನು ಹಾಡುತ್ತಿದ್ದಳು. ಎರಡನೆಯ ನುಡಿಯಲ್ಲಿ ಒಂದು ಪದ ಅರ್ಧಕ್ಕೇ ನಿಂತು ಬರೀ ಗುನುಗಾಗುತ್ತಿತ್ತು. ಉಸಿರು ಸಾಲುತ್ತಿರಲಿಲ್ಲವೋ, ಮರೆತಿದ್ದಳೋ. ನಾನೂ ಹಾಗೇ ಗುನುಗಿದೆ. ಕಳೆದ ವರ್ಷ ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ನನ್ನ ಮಗಳೂ ಅದೇ ಜಾಗದಲ್ಲಿ ಗುನುಗಿದಳು. "ಎಷ್ಟು ಚೆನ್ನಾಗಿದೆ, ಥೇಟ್ ಅಜ್ಜಿ ಥರಾನೇ!" ಎಂದರು ಎಲ್ಲರೂ. ನಾನು ಮಾತ್ರ ತಲೆ ತಗ್ಗಿಸಿ ಕೂತಿದ್ದೆ.

ಕೇಳೋಣವೆಂದರೆ ಅಮ್ಮ ಈಗಿಲ್ಲ. ಹಾಸನದಲ್ಲಿರುವ ಚಿಕ್ಕಮ್ಮನನ್ನು ಕೇಳಿದೆ. ಅವರೂ ಅಲ್ಲಿ ಗುನುಗುತ್ತಾರೆ.