ಅವತಾರದ ನೆರಳಲ್ಲಿ ಗಂಗಾಂಬಿಕೆ

ಶ್ರಾವಣ ಬಂತೆಂದರೆ ಬೈಲಹೊಂಗಲ, ಸವದತ್ತಿ ಸೀಮೆಯ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ಮಠದ ಪಡಸಾಲೆಯಲ್ಲೋ ಬಸವಣ್ಣನ ಗುಡಿಯ ಕಟ್ಟೆಯ ಮೇಲೋ ಪ್ರವಚನಕಾರರು ಕೂಡುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿ, ಇನ್ನೊಂದು ಬದಿಗೆ ತಬಲಾದವರು. ತಿಂಗಳುದ್ದಕ್ಕೂ ಒಬ್ಬ ಮಹಾತ್ಮರ ಚರಿತ್ರೆ ನಡೆಯುತ್ತದೆ. ಜನನದ ಪ್ರಸಂಗ ಬಂದ ರಾತ್ರಿ ತೊಟ್ಟಿಲು ಕಟ್ಟಿ ಹೆಣ್ಣುಮಕ್ಕಳು ಜೋಗುಳ ಹಾಡುತ್ತಾರೆ. ಮದುವೆಯ ಪ್ರಸಂಗಕ್ಕೆ ಅಕ್ಕಿಕಾಳು ಬೀಳುತ್ತವೆ, ಉಡಿ ತುಂಬುತ್ತಾರೆ. ಮಂಗಲದ ದಿನ ಊರಿಗೆಲ್ಲ ಪ್ರಸಾದ. ಅಕ್ಷರ ಕಾಣದ ಎಷ್ಟೋ ತಲೆಮಾರುಗಳಿಗೆ ಬಸವಣ್ಣ, ಅಕ್ಕ, ಅಲ್ಲಮರನ್ನು ಕಿವಿಯಿಂದ ಕಿವಿಗೆ ದಾಟಿಸಿದ್ದು ಈ ಕಟ್ಟೆಗಳೇ. ಈ ಪದ್ಧತಿಯ ಋಣ ದೊಡ್ಡದು. ಆ ಋಣ ನನ್ನ ಮೇಲೂ ಇರುವುದರಿಂದಲೇ ಅದರ ಒಂದು ಕೊರತೆಯನ್ನು ಬಿಡಿಸಿ ಹೇಳಬೇಕೆನಿಸಿದೆ.

ಮಹಾತ್ಮರ ಹುಟ್ಟಿಗೆ ಒಂದು ರಾತ್ರಿ, ಮದುವೆಗೆ ಒಂದು ರಾತ್ರಿ, ಪವಾಡಗಳಿಗೆ ಹತ್ತು ರಾತ್ರಿ ಕೊಡುವ ನಾವು, ಅವರು ನಂಬಿದ್ದಕ್ಕಾಗಿ ಒಂದು ಕಠಿಣ ಗಳಿಗೆಯಲ್ಲಿ ಏನು ಮಾಡಿದರು ಎಂಬುದಕ್ಕೆ ಬಹಳ ಕಡೆ ಅರ್ಧ ತಾಸನ್ನೂ ಕೊಡುವುದಿಲ್ಲ. ಕಲ್ಯಾಣ ಕೆಟ್ಟ ಮೇಲಿನ ಕಥೆಯನ್ನು ಹೇಳುವ ರೀತಿಯಲ್ಲಿ ಇದು ಎದ್ದು ಕಾಣುತ್ತದೆ. ನಮ್ಮ ಸೀಮೆಗಂತೂ ಇದು ಪರಸ್ಥಳದ ಕಥೆಯಲ್ಲ, ನಮ್ಮ ಹೊಲಗಳ ಬದುವಿನ ಮೇಲೆ ನಡೆದುಹೋದ ಕಥೆ.

1167-68ರ ಸುಮಾರಿಗೆ ಕಲ್ಯಾಣದಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತಿಕೆ ಬೆಳೆಯಿತು, ಅದಕ್ಕೆ ಎಳೆಹೂಟೆಯ ಶಿಕ್ಷೆಯಾಯಿತು, ದೊರೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುಪಾಲಾದರು. ಅವರಲ್ಲಿ ಒಂದು ದಂಡು ಚನ್ನಬಸವಣ್ಣನ ಮುಂದಾಳುತನದಲ್ಲಿ ಘಟ್ಟದ ಕಾಡಿನೊಳಗಿನ ಉಳವಿಯತ್ತ ನಡೆಯಿತು. ಮುರಗೋಡ, ಕಾರಿಮನಿ, ತಿಗಡಿ, ಹುಣಸೀಕಟ್ಟಿ, ಕಾದರವಳ್ಳಿ, ಅಲ್ಲಿಂದಾಚೆ ಕಕ್ಕೇರಿ: ಜನರ ನೆನಪು ಆ ದಾರಿಯನ್ನು ಹೀಗೆ ಗುರುತಿಸುತ್ತದೆ. ಬೆನ್ನಟ್ಟಿ ಬಂದ ಸೈನ್ಯದೊಂದಿಗೆ ಕಾದರವಳ್ಳಿಯಲ್ಲಿ ದೊಡ್ಡ ಕಾಳಗವಾಯಿತು ಎನ್ನುತ್ತಾರೆ. ಇಂದಿಗೂ ಭಾರತ ಹುಣ್ಣಿಮೆಗೆ ನಮ್ಮ ಊರುಗಳಿಂದ ಚಕ್ಕಡಿಗಳು ಸಾಲುಗಟ್ಟಿ ಉಳವಿಗೆ ಹೊರಡುತ್ತವೆ. ಅದೇ ಹುಣ್ಣಿಮೆಗೆ ಸವದತ್ತಿಯ ಗುಡ್ಡದಲ್ಲಿ ಯಲ್ಲಮ್ಮನ ಜಾತ್ರೆಯೂ ತುಂಬುತ್ತದೆ. ಒಂದೇ ಮನೆಯಲ್ಲಿ ಅಣ್ಣ ಉಳವಿಯ ಚಕ್ಕಡಿ ಕಟ್ಟಿದರೆ ತಮ್ಮ ಗುಡ್ಡದ ದಾರಿ ಹಿಡಿಯುವ ಸೀಮೆ ಇದು.

ಈ ನಡಿಗೆಯನ್ನು ನಮಗೆ ಹೇಳುವುದು ಕಾವ್ಯ ಮತ್ತು ಸ್ಥಳದ ನೆನಪು. ಬಸವಣ್ಣನಿಗೆ ಕಾಲದಿಂದ ತೀರ ಹತ್ತಿರದ ಕವಿ ಹರಿಹರ. ಅವನ ಬಸವರಾಜದೇವರ ರಗಳೆಯ 25 ಸ್ಥಲಗಳಲ್ಲಿ ನಮಗೆ ಸಿಕ್ಕಿರುವುದು 13 ಮಾತ್ರ. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ 1584ರದು, ಘಟನೆಗೂ ಅದಕ್ಕೂ ನಡುವೆ ನಾಲ್ಕು ಶತಮಾನ. ಬಸವಣ್ಣನ ಹೆಸರನ್ನು ಹೇಳುವ 1260ರ ಶಾಸನ ನಮ್ಮದೇ ಜಿಲ್ಲೆಯ ಅರ್ಜುನವಾಡದಲ್ಲಿದೆ. ಅದು ಬಸವಣ್ಣನಿದ್ದನೆಂಬುದಕ್ಕೆ ಗಟ್ಟಿ ಸಾಕ್ಷಿ, ಶರಣರ ಕೊನೆಯ ದಾರಿಗಲ್ಲ. ಹಾಗೆಂದು ಕಾದರವಳ್ಳಿಯ ಮಾತನ್ನು ತಳ್ಳಿಹಾಕುವವನು ನಾನಲ್ಲ. ಊರಿಂದೂರಿಗೆ ಒಂದೇ ದಿಕ್ಕಿನಲ್ಲಿ ಸಾಗುವ ನೆನಪನ್ನು ನೂರಾರು ವರ್ಷ ಯಾರೂ ಸುಮ್ಮನೆ ಸಾಕಿಕೊಂಡು ಬರುವುದಿಲ್ಲ. ಪ್ರವಚನಕಾರರು ಕೇಳುಗರಿಗೆ ಇದು ಕವಿಯ ಮಾತು, ಇದು ಊರಿನ ಮಾತು, ಇದು ಕಲ್ಲಿನ ಮಾತು ಎಂದು ಬೇರೆ ಮಾಡಿ ಹೇಳಬೇಕು ಎಂಬುದಷ್ಟೇ ನನ್ನ ತಕರಾರು. ಬೇರೆ ಮಾಡಿದರೆ ಭಕ್ತಿ ಕಡಿಮೆಯಾದೀತೆಂಬ ಅಂಜಿಕೆ ಅವರಿಗೆ. ಕೇಳುವ ಜನರನ್ನು ಇಷ್ಟು ಹಗುರವಾಗಿ ಎಣಿಸುವುದು ಸರಿಯಲ್ಲ.

ಮಡಿವಾಳ ಮಾಚಿದೇವನ ಪ್ರಸಂಗವನ್ನು ನೋಡಿ. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಹೋಗಿ ಬಟ್ಟೆ ಒಗೆಯುವ ಕಾಯಕ ಮಾಡಿಕೊಂಡಿದ್ದವನು. ಕಲ್ಯಾಣ ಕೆಟ್ಟಾಗ ಹಿಂದಿನ ಸಾಲಿನಲ್ಲಿ ನಿಂತು ಬೆನ್ನಟ್ಟಿದ ಸೈನ್ಯವನ್ನು ತಡೆದನೆಂದು ಕಥೆ ಹೇಳುತ್ತದೆ. ಇಲ್ಲಿ ಒಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. ಕರುಣೆಯನ್ನೇ ಧರ್ಮದ ತಳಹದಿ ಮಾಡಿದ ಬಸವಣ್ಣನ ಸಂಗಡಿಗ ಕತ್ತಿ ಹಿಡಿದದ್ದು ಹೇಗೆ? ಹಿಡಿಯುವ ಮುಂಚೆ ಅವನೊಳಗೆ ಏನು ನಡೆದಿರಬೇಕು? ಮುದುಕರು, ಬಸುರಿಯರು, ಕೂಸುಗಳು ಮುಂದೆ ನಡೆಯುತ್ತಿರುವಾಗ ಹಿಂದೆ ನಿಂತವನಿಗೆ ಕೊಲ್ಲದಿರುವುದು ಧರ್ಮವೋ, ಕಾಯುವುದು ಧರ್ಮವೋ? ಕಥೆಯ ಜೀವಾಳವೇ ಇದು. ಕಟ್ಟೆಯ ಮೇಲೆ ನಾವು ಕೇಳುವ ಉತ್ತರ ಮಾತ್ರ ಒಂದೇ: ಮಾಚಯ್ಯ ವೀರಭದ್ರನ ಅವತಾರ. ರಾಮದುರ್ಗದ ಕಡೆ, ಗೊಡಚಿಯ ವೀರಭದ್ರನಿಗೆ ನಡೆದುಕೊಳ್ಳುವ ಮನೆಗಳಲ್ಲಿ, ಈ ಉತ್ತರ ಇನ್ನೂ ಸಲೀಸಾಗಿ ಇಳಿಯುತ್ತದೆ. ವೀರಭದ್ರ ಹುಟ್ಟಿದ್ದೇ ದಕ್ಷನ ತಲೆ ಹಾರಿಸಲಿಕ್ಕೆ. ಅವನಿಗೆ ಹಿಂಜರಿಕೆ ಎಲ್ಲಿಯದು, ಪಶ್ಚಾತ್ತಾಪ ಎಲ್ಲಿಯದು? ಅವತಾರವೆಂದ ಕೂಡಲೇ ಮಡಿವಾಳನ ನಿರ್ಧಾರ ಮಾಯವಾಗಿ ಕೈಲಾಸದ ಅಪ್ಪಣೆಯೊಂದು ಉಳಿಯುತ್ತದೆ. ಒಗೆಯುವ ಕಲ್ಲಿನ ಮೇಲೆ ಬದುಕು ಸವೆಸಿದ ಮನುಷ್ಯನೊಬ್ಬ ತನ್ನ ನಂಬಿಕೆಯಿಂದಲೇ ಅಷ್ಟು ಎತ್ತರಕ್ಕೆ ಏರಿದನೆಂಬ ಮಾತನ್ನು ನಾವು ಅವನಿಂದ ಕಸಿದುಕೊಂಡಂತಾಗುತ್ತದೆ. ಇದನ್ನು ನಾನು ಮಾಚಯ್ಯನಿಗೆ ಮಾಡುವ ಅನ್ಯಾಯವೆಂದೇ ಎಣಿಸುತ್ತೇನೆ.

ಇಂಥ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಮಾದರಿಯೊಂದು ಸವದತ್ತಿಯಲ್ಲೇ ಇದೆ, ಅದು ಕಲ್ಲಿನಲ್ಲಿದೆ. ಸವದತ್ತಿ ಆಗ ಸುಗಂಧವರ್ತಿ, ರಟ್ಟರ ನೆಲ. 1228ರ ಹೊತ್ತಿನ ಅಲ್ಲಿಯ ಶಾಸನ ಮುನಿಚಂದ್ರನೆಂಬ ಜೈನ ಆಚಾರ್ಯನನ್ನು ಕೊಂಡಾಡುತ್ತದೆ. ರಟ್ಟ ದೊರೆ ಕಾರ್ತವೀರ್ಯನಿಗೂ ಅವನ ಮಗ ಲಕ್ಷ್ಮೀದೇವನಿಗೂ ಈತ ಗುರು. ಹುಳುಹುಪ್ಪಡಿಗೂ ನೋವಾಗದಂತೆ ನಡೆಯಬೇಕಾದ ವ್ರತ ಹೊತ್ತ ಮುನಿ ರಾಜ್ಯದ ಮಂತ್ರಿಯಾದ, ಯುದ್ಧದಲ್ಲೂ ನಿಪುಣನೆನಿಸಿಕೊಂಡ, ರಟ್ಟರ ರಾಜ್ಯವನ್ನು ನೆಲೆಗೊಳಿಸಿದವನೆಂದು ಹೆಸರಾದ. ಶಾಸನ ಬರೆದವನು ಶಾಸ್ತ್ರವನ್ನೂ ಶಸ್ತ್ರವನ್ನೂ ಒಬ್ಬನೇ ಮನುಷ್ಯನ ಗುಣಗಳೆಂದು ಅಕ್ಕಪಕ್ಕದಲ್ಲಿ ಇಟ್ಟಿದ್ದಾನೆ. ಅವನೂ ಹೊಗಳುಭಟ್ಟನೇ, ಅರಮನೆಯ ಅನ್ನ ಉಂಡವನೇ. ಆದರೂ ಮುನಿಯನ್ನು ಯಾವ ದೇವತೆಯ ಮರೆಗೂ ಸರಿಸಲಿಲ್ಲ. ಮುನಿಚಂದ್ರ ಮಾಡಿದ್ದು ಜಿನಧರ್ಮಕ್ಕೆ ಒಪ್ಪುತ್ತದೆಯೇ ಎಂದು ಇಂದಿನ ಓದುಗ ವಾದ ಮಾಡಬಹುದು. ನನ್ನ ಮಟ್ಟಿಗೆ ಅದು ಪೂರ್ತಿ ಒಪ್ಪುವ ಮಾತಲ್ಲ. ಆದರೆ ವಾದಕ್ಕೆ ಎಡೆ ಕೊಡುವ ಪ್ರಾಮಾಣಿಕತೆ ಆ ಕಲ್ಲಿಗಿದೆ, ಅವತಾರದ ಕಥೆಗೆ ಅದಿಲ್ಲ.

ಈಗ ಗಂಗಾಂಬಿಕೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸೇತುವೆ ದಾಟುವವರಿಗೆ ಮಲಪ್ರಭೆಯ ಒಡಲಲ್ಲಿ ಅವಳ ಐಕ್ಯಸ್ಥಳ ಕಾಣುತ್ತದೆ. ಬಸವಣ್ಣನ ಮಡದಿ, ಮಂತ್ರಿ ಬಲದೇವರ ಮಗಳು. ಗಂಡ ಕೂಡಲಸಂಗಮಕ್ಕೆ ಹೋಗಿ ಐಕ್ಯನಾದ ಮೇಲೆ ಇವಳು ಆ ಕಡೆ ಹೋಗಲಿಲ್ಲ. ದಂಡಿನ ಜೊತೆ ಪಶ್ಚಿಮಕ್ಕೆ ನಡೆದಳು. ಜೊತೆಗೆ ಮಗ ಬಾಲಸಂಗಯ್ಯನೂ ಇದ್ದನೆನ್ನುತ್ತಾರೆ. ಕಾದರವಳ್ಳಿಯಲ್ಲಿ ಅವನು ಮಡಿದ ಎನ್ನುತ್ತಾರೆ. ತಾಯಿ ಕಾಳಗದಲ್ಲೇ ಬಿದ್ದಳೆಂಬ ಮಾತಿದೆ, ಹೊಳೆಯ ದಂಡೆಗೆ ಬಂದು ಲಿಂಗೈಕ್ಯಳಾದಳೆಂಬ ಮಾತೂ ಇದೆ. ಯಾವುದು ದಿಟವಾದರೂ ಒಂದು ಸಂಗತಿ ಎಲ್ಲ ಕಥೆಗಳಲ್ಲೂ ಉಳಿಯುತ್ತದೆ. ಅವಳಿಗೆ ಹಿಂದಿರುಗುವ ದಾರಿ ಇತ್ತು. ಮಂತ್ರಿಯ ಮಗಳು, ತವರಿನ ಬಲವಿದ್ದವಳು. ಆದರೂ ಹೊಲೆಯ, ಮಾದಿಗ, ಅಂಬಿಗ, ಮಡಿವಾಳರ ಆ ದಂಡಿನಲ್ಲಿ ಅವಳು ಹೆಜ್ಜೆ ಹಾಕಿದಳು. ಮಹಾಮನೆಯಲ್ಲಿ ಅವರಿಗೆಲ್ಲ ದಾಸೋಹ ಬಡಿಸಿದವಳು ಕಷ್ಟದಲ್ಲೂ ಅವರ ಪಂಕ್ತಿ ಬಿಟ್ಟೇಳಲಿಲ್ಲ. ಸರ್ವರೂ ಸಮಾನರೆಂಬ ನಂಬಿಕೆ ಇಲ್ಲಿ ಕಾಲಿಗಿಳಿದಿದೆ.

ನಮ್ಮ ಚರಿತ್ರೆ ಪುಸ್ತಕಗಳು ಅವಳಿಗೆ ಕೊಟ್ಟದ್ದೇನು? ಬಸವಣ್ಣನ ಪತ್ನಿ ಎಂಬ ಬಿರುದು, ಪಾರ್ವತಿಯ ಅಂಶವೆಂಬ ಕಿರೀಟ, ಬಸವಣ್ಣನ ಇನ್ನೊಬ್ಬ ಮಡದಿ ನೀಲಾಂಬಿಕೆಯೊಡನೆ ಹೋಲಿಸುವ ಒಂದೆರಡು ಪುಟ. ಅವಳದೆಂದು ಉಳಿದಿರುವ ವಚನಗಳು ಹತ್ತರ ಆಸುಪಾಸು. ಅವನ್ನು ಓದಿ ಅರ್ಥ ಬಿಡಿಸುವ ಪ್ರವಚನ ಅಪರೂಪ. ಕವಿ ಕೊಟ್ಟ ಅಂಶದ ಮಾತಿಗಿಂತ ಅವಳ ಸ್ವಂತ ಮಾತು ಮೊದಲು ಬರಬೇಕಿತ್ತು.

ಕಾದರವಳ್ಳಿಗೂ ಕಿತ್ತೂರಿಗೂ ದೂರವೇನಿಲ್ಲ. ಈ ಕೊರತೆಯನ್ನು ಅಳೆಯಲು ಕಿತ್ತೂರಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ. ರಾಣಿ ಚೆನ್ನಮ್ಮನೂ ಗಂಡನನ್ನು ಕಳೆದುಕೊಂಡವಳು. ಮಲ್ಲಸರ್ಜ ತೀರಿದ್ದು 1816ರಲ್ಲಿ. ಮಲಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ದತ್ತಕವನ್ನು ಕುಂಪಣಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಅಲ್ಲಿ ಲಿಂಗಪೂಜೆ, ಶಿವನಾಮದಲ್ಲಿ ದಿನ ಕಳೆದಳೆಂದು ಜನ ನೆನೆಯುತ್ತಾರೆ. ಚೆನ್ನಮ್ಮನ ಲಾವಣಿ ಹಾಡುವವರಾಗಲಿ, ನಾಟಕ ಕಟ್ಟುವವರಾಗಲಿ ಅವಳನ್ನು ನಿರ್ಧಾರ ಮಾಡಿದವಳನ್ನಾಗಿ ತೋರಿಸುತ್ತಾರೆ. ದರಬಾರಿನಲ್ಲಿ ಅವಳು ಯೋಚಿಸುತ್ತಾಳೆ, ಸಲಹೆ ಕೇಳುತ್ತಾಳೆ, ಸಿಟ್ಟಾಗುತ್ತಾಳೆ, ಆಮೇಲೆ ಇಲ್ಲ ಎನ್ನುತ್ತಾಳೆ. ಪವಾಡ ಬೇಕೆಂದು ಯಾರಿಗೂ ಅನಿಸುವುದಿಲ್ಲ. ಆದರೂ ಅವಳ ಸಮಾಧಿಯ ಮುಂದೆ ಕೈ ಮುಗಿಯದ ಬೈಲಹೊಂಗಲದವರು ಸಿಗಲಿಕ್ಕಿಲ್ಲ. ಅದೇ ಮಣ್ಣಿನಲ್ಲಿ ಗಂಗಾಂಬಿಕೆಗೆ ಮಾತ್ರ ಯೋಚನೆಯೂ ಇಲ್ಲ, ಸಿಟ್ಟೂ ಇಲ್ಲ, ದುಃಖವೂ ಇಲ್ಲ. ದೈವಸಂಕಲ್ಪ ಒಂದೇ ಇದೆ. ಮಗನನ್ನು ಕಳೆದುಕೊಂಡ ತಾಯಿಗೆ ಅಳುವ ಹಕ್ಕನ್ನೂ ಕೊಡದ ಭಕ್ತಿ ಎಂಥ ಭಕ್ತಿ?

ಶರಣರನ್ನು ಮನುಷ್ಯರನ್ನಾಗಿ ಓದಹೊರಟವರಿಗೆ ನಾವು ಏನು ಮಾಡಿದೆವೆಂಬುದನ್ನೂ ಇಲ್ಲಿ ನೆನೆಯಲೇಬೇಕು. ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಗ್ರಂಥದಲ್ಲಿ ನೀಲಾಂಬಿಕೆಯ ಬಾಳು, ಚನ್ನಬಸವಣ್ಣನ ಹುಟ್ಟಿನ ಬಗ್ಗೆ ಎತ್ತಿದ ವಿಚಾರಗಳಿಗೆ ಸಮಾಜದೊಳಗಿಂದಲೇ ಎದ್ದ ಒತ್ತಡ ಎಷ್ಟಿತ್ತೆಂದರೆ 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಿತ್ತೂರು ಸಂಸ್ಥಾನದ ಸಾಹಿತ್ಯವನ್ನು ಕಲೆಹಾಕಿ ಬೆಳಕಿಗೆ ತಂದವರೂ ಅವರೇ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಅವರ ಆ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಆಧಾರ ಹಿಡಿದು ಅಲ್ಲಗಳೆಯಬಹುದಿತ್ತು. ಪ್ರಶ್ನೆ ಕೇಳುವುದನ್ನೇ ಸಾಧನೆ ಮಾಡಿಕೊಂಡ ಅನುಭವ ಮಂಟಪದ ವಾರಸುದಾರರು ಪ್ರಶ್ನೆಗೆ ಅಂಜಿದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇನ್ನೊಂದು ಮಾತು. ಈ ನಡಿಗೆಯನ್ನು ಹೇಳುವಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು, ಕತ್ತಿಯ ಕಾವಲಿನಲ್ಲಿ ಅವನ್ನು ಉಳಿಸಿದರೆಂದು ಹೇಳುವುದುಂಟು. ನಾಟಕಕ್ಕೂ ಮೆರವಣಿಗೆಯ ಸ್ತಬ್ಧಚಿತ್ರಕ್ಕೂ ಒಪ್ಪುವ ದೃಶ್ಯ. ಆದರೆ ವಚನಗಳು ನಮ್ಮ ಕೈಸೇರಿದ ದಾರಿ ಅದಕ್ಕಿಂತ ಬಹಳ ಉದ್ದ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ನೆರಳಿನಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಂಥವರು ಅವನ್ನು ಶೂನ್ಯಸಂಪಾದನೆಯಲ್ಲಿ ಜೋಡಿಸಿದರು. ಹೆಸರಿಲ್ಲದ ನಕಲುಗಾರರು ತಾಡವೋಲೆಯಿಂದ ತಾಡವೋಲೆಗೆ ಇಳಿಸಿಕೊಂಡರು. ಎಷ್ಟೋ ಮನೆಯವರು ಆ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ಕಾದರು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ಒಂದು ಕಾಳಗಕ್ಕೆ ಎಲ್ಲ ಹಿರಿಮೆಯನ್ನು ಕಟ್ಟಿದರೆ ಶತಮಾನಗಳ ಈ ಕಾಯಕ ಮರೆಯಾಗುತ್ತದೆ. ಓಲೆಯ ಮೇಲೆ ಕಂಟ ಹಿಡಿದು ಕೂತವನ ನಿಷ್ಠೆಯೂ ನಂಬಿಕೆ ಮಾಡಿಸಿದ ಕೆಲಸವೇ.

ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯನ್ನು ಬಳಸಿ ಹರಿಯುವ ಹೊಳೆ ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ರಾಮದುರ್ಗವನ್ನು ದಾಟಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನ ಐಕ್ಯಸ್ಥಳವೂ ಅಲ್ಲೇ. ಪ್ರವಚನಕಾರರಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕೇ? ಭೂಗೋಳವೇ ಒದಗಿಸಿಕೊಟ್ಟ ಈ ಸಂಗತಿಯನ್ನು ಕಟ್ಟೆಯ ಮೇಲಿಂದ ಹೇಳಿದರೆ ಕೇಳುವವರ ಮೈ ತಾನಾಗಿ ನವಿರೇಳುತ್ತದೆ.

ಆದ್ದರಿಂದ ನಮ್ಮ ಸೀಮೆಯ ಮಠಗಳಿಗೆ, ಪುರಾಣ ಹಚ್ಚುವ ಊರ ಹಿರಿಯರಿಗೆ ಒಂದು ಬಿನ್ನಹ. ಬರುವ ಶ್ರಾವಣದಲ್ಲಿ ತೊಟ್ಟಿಲಿಗೆ ಒಂದು ರಾತ್ರಿ ಕೊಟ್ಟಂತೆ ಕಾದರವಳ್ಳಿಗೂ ಒಂದು ಇಡೀ ರಾತ್ರಿ ಕೊಡಿ. ಗಂಗಾಂಬಿಕೆಯ ವಚನಗಳನ್ನು ಗವಾಯಿಗಳಿಂದ ಹಾಡಿಸಿ. ಅವಳ ಕೊನೆಯ ಬಗ್ಗೆ ಇರುವ ಎರಡೂ ಮಾತುಗಳನ್ನು ಮುಚ್ಚಿಡದೆ ಹೇಳಿ. ಬೈಲಹೊಂಗಲ, ಕಿತ್ತೂರಿನ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿಯೂ ಒಂದು ಕೋರಿಕೆ: ತಿಗಡಿ, ಹುಣಸೀಕಟ್ಟಿ, ಕಾದರವಳ್ಳಿಗಳ ಮುದುಕ ಮುದುಕಿಯರು ಈ ಕಥೆಯನ್ನು ಹೇಗೆ ಹೇಳುತ್ತಾರೋ ಹಾಗೆಯೇ, ಒಂದಕ್ಷರ ತಿದ್ದದೆ, ಮಕ್ಕಳಿಂದ ಬರೆಸಿಡಿ. ಹೇಳುವವರು ಇನ್ನೂ ಇದ್ದಾರೆ, ತಡಮಾಡಬೇಡಿ.