ನಾಯಿ ಯಾರ ಜೋಳ ತಿಂದಿತ್ತು?

ಕನ್ನಡ ಎಂ.ಎ. ಮಾಡಿದವರಿಗೆಲ್ಲ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಗೊತ್ತು. ಪೂರ್ತಿ ಓದಿದವರು ಎಷ್ಟು ಮಂದಿ ಎಂದು ಕೇಳುವುದು ಸೌಜನ್ಯವಲ್ಲ. ತೀ.ನಂ.ಶ್ರೀ. ಮಾರ್ಗದರ್ಶನದಲ್ಲಿ ಬರೆದ ಪಿಎಚ್.ಡಿ. ಪ್ರಬಂಧ ಇದು, 1966ರಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಕಟಿಸಿತು. ಅಂದಿನಿಂದ ವಿಚಾರ ಸಂಕಿರಣಗಳಲ್ಲಿ ‘ಅಂತರ್‌ಶಿಸ್ತೀಯ’ ಎಂಬ ಮಾತು ಬಂದಾಗಲೆಲ್ಲ ಇದಕ್ಕೊಂದು ಹಾರ ಬೀಳುತ್ತದೆ. ಹಾರಕ್ಕೆ ನನ್ನ ತಕರಾರಿಲ್ಲ. ಯಾವ ಗುಣಕ್ಕೆ ಹಾಕುತ್ತಿದ್ದೇವೆ ಎಂಬುದರಲ್ಲಿ ಇದೆ.

ಹೊಗಳುವವರು ಹೊಗಳುವುದು ಅದರ ಹರಹನ್ನು: 450ರಿಂದ 1150ರವರೆಗಿನ ಏಳು ಶತಮಾನ, ಧರ್ಮ, ಆಡಳಿತ, ಶಿಕ್ಷಣ, ಕಲೆ, ಶೌರ್ಯ. ಆದರೆ ರಾಶಿ ಆಗಲೇ ಬಿದ್ದಿತ್ತು. ಶಾಸನತಜ್ಞ ಬಿ.ಎಲ್. ರೈಸ್ ಮತ್ತು ಅವರ ನಂತರದವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದ್ದರು. ಚರಿತ್ರೆಯವರು ಅದರಿಂದ ತೇದಿ, ವಂಶಾವಳಿ, ಯುದ್ಧಗಳನ್ನು ತೂರಿಕೊಂಡರು. ಭಾಷೆಯವರು ಹಳೆಯ ವಿಭಕ್ತಿ ಪ್ರತ್ಯಯಗಳನ್ನು ಆರಿಸಿಕೊಂಡರು. ಒಕ್ಕಣೆ ಮುಗಿಯಿತೆಂದು ಎಲ್ಲರೂ ಎದ್ದುಹೋದ ಕಣಕ್ಕೆ ಸಾಹಿತ್ಯ ವಿಭಾಗದ ಒಬ್ಬರು ಬಂದು, ಹೊಟ್ಟೆಂದು ಬಿಟ್ಟದ್ದರಲ್ಲಿ ಕಾಳು ಕಂಡರು. ಹೊಸ ಜ್ಞಾನ ಹುಟ್ಟಿದ್ದು ಅಲ್ಲಿ. ಅದಕ್ಕೆ ಎರಡು ವಿಭಾಗಗಳ ಒಡಂಬಡಿಕೆಯೇನೂ ಬೇಕಾಗಲಿಲ್ಲ.

ಒಂದೇ ಪದ ನೋಡಿ: ಜೋಳವಾಳಿ. ಒಡೆಯನ ಜೋಳ ಉಂಡವನು ಅದರ ಋಣವನ್ನು ಪ್ರಾಣ ಕೊಟ್ಟು ತೀರಿಸುವ ಕಟ್ಟಳೆ. ಇದರ ಪಕ್ಕದಲ್ಲೇ ವೇಳೆವಾಳಿ, ಲೆಂಕ, ಕೀಳ್ಗುಂಟೆ. ಒಡೆಯ ಸತ್ತರೆ ತಾನೂ ಸಾಯುವ ಪ್ರತಿಜ್ಞೆ, ಅಂಥ ಪ್ರತಿಜ್ಞೆ ತೊಟ್ಟ ಆಳು, ಒಡೆಯನ ಸಮಾಧಿಯ ಕೆಳಗೆ ತಾನೂ ಮಣ್ಣಾಗುವುದು. ಈ ಪದಗಳನ್ನು ಕಲ್ಲಿನಿಂದ ಬಿಡಿಸಿ ಕಾವ್ಯದ ಪಕ್ಕದಲ್ಲಿಟ್ಟದ್ದೇ ಈ ಗ್ರಂಥದ ಜೀವ. ಪಂಪನ ಕರ್ಣ ಕೌರವನನ್ನು ಯಾಕೆ ಬಿಡಲಾರ ಎಂಬುದಕ್ಕೆ ವ್ಯಾಸಭಾರತದಲ್ಲಷ್ಟೇ ಹುಡುಕಿದರೆ ಸಾಲದು. ಹತ್ತನೆಯ ಶತಮಾನದ ಊರಬಾಗಿಲಿನ ವೀರಗಲ್ಲನ್ನೂ ಓದಬೇಕು. ಇಂಥ ಒಂದು ಹೊಳಹು ಹತ್ತು ಸಂಕಿರಣಗಳಿಗೆ ಸಮ.

ಆದರೆ ಇಲ್ಲಿಯೇ ಗ್ರಂಥ ಅರ್ಧಕ್ಕೆ ನಿಲ್ಲುತ್ತದೆ. ಜೋಳವಾಳಿಯನ್ನು ಅದು ಆ ಕಾಲದ ಮೌಲ್ಯವೆಂದು ಒಪ್ಪಿಕೊಂಡು ಮುಂದೆ ಹೋಗುತ್ತದೆ. ಯಾರ ಮೌಲ್ಯ? ಸತ್ತವನು ಶಾಸನ ಬರೆಸುವುದಿಲ್ಲ. ಬರೆಸುವವನು ಉಳಿದವನು, ಬಹಳ ಸಲ ಜೋಳ ಹಾಕಿದವನೇ.

ಈ ಅನುಮಾನಕ್ಕೆ ನನ್ನ ಸಾಕ್ಷಿ ಒಂದು ನಾಯಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈ ಗ್ರಂಥದ ಕಾಲಾವಧಿಯದೇ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಭಟ ಮಣಲೇರನಿಗೆ ಬೇಕಾದ್ದು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಕಾಳಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದೆಂದೂ ಬರೆಸಿದರು. ಚರಿತ್ರೆಯವರು ಈ ಕಲ್ಲಿನಿಂದ ತಕ್ಕೋಲವನ್ನು ತೆಗೆದುಕೊಂಡು ನಾಯಿಯನ್ನು ಅಡಿಟಿಪ್ಪಣಿಗೆ ಕಟ್ಟಿದರು. ನನಗೆ ನಾಯಿಯೇ ಮುಖ್ಯ. ಕಾಳಿ ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ, ಆದರೂ ಅದಕ್ಕೆ ವೀರರ ಮರ್ಯಾದೆ ಸಂದಿತು. ಅಂದಮೇಲೆ ವೀರಗಲ್ಲು ಸತ್ತವನ ನಿಷ್ಠೆಗೆ ಸಾಕ್ಷಿಯಾಗಲೇಬೇಕೆಂದಿಲ್ಲ. ಅದು ನೆಟ್ಟವನ ಆಸೆಗೆ ಸಾಕ್ಷಿ. ಈ ಪ್ರಶ್ನೆ ಒಮ್ಮೆ ಎದ್ದರೆ ಲೆಂಕರ ಕಲ್ಲುಗಳನ್ನೆಲ್ಲ ಮತ್ತೆ ಓದಬೇಕಾಗುತ್ತದೆ.

ಇದನ್ನೊಮ್ಮೆ ಗೋಷ್ಠಿಯೊಂದರಲ್ಲಿ ಹೇಳಿದಾಗ ಎರಡು ಕಡೆಯಿಂದಲೂ ಬೈಸಿಕೊಂಡೆ. ಹಿರಿಯರೊಬ್ಬರಿಗೆ ಇದು ಗುರುದ್ರೋಹ. ಕಿರಿಯರೊಬ್ಬರಿಗೆ ಆ ಗ್ರಂಥ ಬರೀ ಮಾಹಿತಿಯ ಮೂಟೆ, ಸಿದ್ಧಾಂತವಿಲ್ಲದ್ದು. ಹಿರಿಯರಿಗೆ ಉತ್ತರ ಸುಲಭ: ಗುರುವನ್ನು ಓದದಿರುವುದೇ ದೊಡ್ಡ ದ್ರೋಹ. ಕಿರಿಯರ ಮಾತೇ ಹೆಚ್ಚು ಅಪಾಯದ್ದು. ಸಿದ್ಧಾಂತಗಳು ಇಂದು ಮಾರುಕಟ್ಟೆಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತವೆ. ಜೋಳವಾಳಿಯನ್ನು ಸಾಲು ಸಾಲಾಗಿ ಹುಡುಕುವ ತಾಳ್ಮೆ ಸಿಗುವುದಿಲ್ಲ. ಫೂಕೋನನ್ನು ಉದ್ಧರಿಸಿ ಹಳಗನ್ನಡದ ಸಮಾಸ ಬಿಡಿಸಲಾಗದವನು ಯಾವ ಶಿಸ್ತಿನಿಂದ ಯಾವ ಶಿಸ್ತಿಗೆ ದಾಟುತ್ತಾನೆ? ದಾಟಲು ಮೊದಲು ಒಂದು ದಡದಲ್ಲಾದರೂ ಕಾಲೂರಿರಬೇಕು.

ಧಾರವಾಡದಲ್ಲಿ ಇತಿಹಾಸಕಾರ ಷ. ಶೆಟ್ಟರ್ ಹಾಗೆ ಕಾಲೂರಿ ದಾಟಿದರು. ಶ್ರವಣಬೆಳಗೊಳದ ನಿಸಿದಿಗಳನ್ನು, ಜೈನರ ಮರಣಸ್ಮಾರಕಗಳನ್ನು, ಹಿಡಿದು, ಸಾವನ್ನು ತಾವಾಗಿ ಬರಮಾಡಿಕೊಂಡವರ ಬಗ್ಗೆ ಎರಡು ಇಂಗ್ಲಿಷ್ ಗ್ರಂಥಗಳನ್ನೇ ಬರೆದರು. ಉಳಿದವರಲ್ಲಿ ಬಹುಪಾಲು ಜನ ಚಿದಾನಂದಮೂರ್ತಿಯವರ ಪರಿವಿಡಿಯನ್ನು ನಕಲು ಮಾಡಿದರು: ತಾಲ್ಲೂಕಿಗೊಂದು, ಕವಿಗೊಂದು, ದೇವಸ್ಥಾನಕ್ಕೊಂದು ‘ಸಾಂಸ್ಕೃತಿಕ ಅಧ್ಯಯನ’. ಅಧ್ಯಾಯಗಳು ಅವೇ, ಪ್ರಶ್ನೆ ಮಾತ್ರ ಇಲ್ಲ.

ದೊಡ್ಡ ಗ್ರಂಥ ಇದು, ಸಂಶಯವಿಲ್ಲ; ಅದರ ದೊಡ್ಡತನ ಉತ್ತರಗಳಲ್ಲಿಲ್ಲ, ಪದವೊಂದರ ಮುಂದೆ ಕೂತು ಕೆದಕಿದ ಹಟದಲ್ಲಿದೆ. ಸಂಶೋಧನೆಗೆ ಹೊರಟ ಹುಡುಗ ಹುಡುಗಿಯರಿಗೆ ಒಂದು ಮಾತು: ಪರಿವಿಡಿಯನ್ನು ಮುಚ್ಚಿಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ, ಹೋಗಿ ಮೊದಲು ಅದನ್ನು ಓದಿ.