ತನ್ನ ದಾರಿ ತಾನೇ ಹಿಡಿಯುವ ದೋಣಿ

ಒಂದು ಹಗ್ಗ, ಒಂದು ರಾಟೆ, ಒಂದಷ್ಟು ರಬ್ಬರ್ ಕೊಳವೆ. ಸಣ್ಣ ಹಾಯಿದೋಣಿ ತನ್ನ ಚುಕ್ಕಾಣಿಯನ್ನು ತಾನೇ ನೋಡಿಕೊಳ್ಳಲು ಇಷ್ಟೇ ಸಾಕು. ಹಾಯಿಯನ್ನು ಬಿಗಿಹಿಡಿದ ಹಗ್ಗವನ್ನು ಗಾಳಿ ಬರುವ ಮಗ್ಗುಲಿನ ರಾಟೆಯಲ್ಲಿ ಹಾಯಿಸಿ ಚುಕ್ಕಾಣಿಯ ಹಿಡಿಗೆ ಕಟ್ಟುತ್ತಾರೆ. ಎದುರು ಮಗ್ಗುಲಿನಿಂದ ರಬ್ಬರ್ ಅದೇ ಹಿಡಿಯನ್ನು ತನ್ನತ್ತ ಸೆಳೆಯುತ್ತಿರುತ್ತದೆ. ದೋಣಿಯ ಮೂತಿ ಗಾಳಿಯತ್ತ ಹೊರಳಿತೋ, ಹಾಯಿಯ ಸೆಳೆತ ಹೆಚ್ಚಿ ಹಗ್ಗ ಹಿಡಿಯನ್ನು ಎಳೆಯುತ್ತದೆ, ಮೂತಿ ಮರಳಿ ದಾರಿಗೆ ಬರುತ್ತದೆ. ಗಾಳಿಯಿಂದ ಆಚೆ ಸರಿಯಿತೋ, ಹಗ್ಗ ಸಡಿಲವಾಗುತ್ತದೆ. ಆಗ ರಬ್ಬರಿನ ಸರದಿ. ದಾರಿ ತಪ್ಪಿಸುವ ಗಾಳಿಯಿಂದಲೇ ದಾರಿಗೆ ತರುವ ಕೆಲಸವನ್ನೂ ಮಾಡಿಸುವ ಈ ಜಾಣ್ಮೆ ನನಗೆ ಎಂದೂ ಹಳತಾಗಿಲ್ಲ. ರಬ್ಬರ್ ಎಷ್ಟು ಬಿಗಿಯಿರಬೇಕು ಎಂಬುದು ಮಾತ್ರ ತಂಬೂರಿಯ ತಂತಿಯಡಿ ಜೀವಾಳದ ಎಳೆ ಸರಿಸಿದಷ್ಟೇ ಸೂಕ್ಷ್ಮ. ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ದೋಣಿಯ ಹೊಯ್ದಾಟ ಸಣ್ಣದಾಗುತ್ತದೆ. ಹಿಡಿ ಒಂದೆರಡು ಬೆರಳಗಲ ಆಚೆ ಹೋಗಿ ಈಚೆ ಬರುತ್ತಿರುತ್ತದೆ, ಯಾರ ಕೈಯೂ ಅದರ ಮೇಲಿಲ್ಲ.

ಹೀಗೆ ಸಾಗುವ ದೋಣಿ ಕಾಯ್ದುಕೊಳ್ಳುವುದು ಗಾಳಿಯೊಡನಿರುವ ಕೋನವನ್ನು. ಗಾಳಿ ದಿಕ್ಕು ಬದಲಿಸಿದರೆ ದೋಣಿಯೂ ಬದಲಿಸುತ್ತದೆ. ಆದ್ದರಿಂದ ನಿದ್ದೆಯಿಂದೆದ್ದ ನಾವಿಕ ಮೊದಲು ದಿಕ್ಸೂಚಿ ನೋಡಬೇಕು.

1960ರ ದಶಕದಲ್ಲಿ ಇಂಗ್ಲೆಂಡಿನ ಬ್ಲಾಂಡಿ ಹ್ಯಾಸ್ಲರ್ ಬೆಳೆಸಿದ ಉಪಕರಣ ಇನ್ನೂ ಚೆಲುವಾದದ್ದು. ಹಿಂಬದಿಯಲ್ಲಿ ತೆಳು ಹಲಗೆಯೊಂದು ಅಂಚನ್ನು ಗಾಳಿಗೆ ಕೊಟ್ಟು ನಿಂತಿರುತ್ತದೆ. ದೋಣಿ ದಿಕ್ಕು ತಪ್ಪಿದರೆ ಗಾಳಿ ಹಲಗೆಯ ಮೈಗೆ ಬಡಿದು ಅದನ್ನು ತಿರುಗಿಸುತ್ತದೆ. ಆ ಅಲ್ಪ ಬಲಕ್ಕೆ ಚುಕ್ಕಾಣಿ ಜಗ್ಗದು. ನೀರಿಗೆ ಇಳಿಬಿಟ್ಟ ಹುಟ್ಟಿನಂಥ ಅಲಗನ್ನು ತುಸು ತಿರುಚಲು ಮಾತ್ರ ಸಾಕು. ಉಳಿದದ್ದು ನೀರಿನ ಕೆಲಸ. ಓರೆಯಾದ ಅಲಗನ್ನು ಅದು ರಭಸದಿಂದ ಪಕ್ಕಕ್ಕೆ ತಳ್ಳುತ್ತದೆ, ಅಲಗಿನ ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತವೆ. ದೋಣಿಯ ವೇಗ ಹೆಚ್ಚಿದಷ್ಟೂ ಆ ಕೈಗೆ ಬಲ ಹೆಚ್ಚು.

ಆದರೆ ಎಲ್ಲವೂ ನಿಂತಿರುವುದು ದೋಣಿಯ ಸಮತೋಲದ ಮೇಲೆ. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದರು. ನಡುದಾರಿಯಲ್ಲಿ ಇಂಥ ಉಪಕರಣ ಮುರಿದೇ ಹೋಯಿತು. ಸುಹೈಲಿಗೆ ಎರಡು ಕೂವೆ, ತಳದುದ್ದಕ್ಕೂ ಬೆನ್ನುಮರ. ಹಿಂದಿನ, ಮುಂದಿನ ಹಾಯಿಗಳನ್ನು ತೂಗಿಸಿ ಚುಕ್ಕಾಣಿ ಕಟ್ಟಿದರೆ ಅದು ದಾರಿ ಹಿಡಿದು ನಡೆಯುತ್ತಿತ್ತು.

ಜೋಶುವಾ ಸ್ಲೋಕಮ್ ಅವರ 'ಸ್ಪ್ರೇ'ಗಂತೂ ಉಪಕರಣವೇ ಇರಲಿಲ್ಲ. 1895ರಿಂದ 1898ರವರೆಗೆ ಒಂಟಿಯಾಗಿ ಲೋಕ ಸುತ್ತಿದ ಅವರು, ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ 2,700 ಮೈಲಿಯನ್ನು 23 ದಿನಗಳಲ್ಲಿ ಕ್ರಮಿಸಿದರು. ಅಷ್ಟರಲ್ಲಿ ಚುಕ್ಕಾಣಿ ಹಿಡಿದು ನಿಂತದ್ದು ಹೆಚ್ಚೆಂದರೆ ಮೂರು ಗಂಟೆ ಎಂದು ಅವರೇ ಬರೆದಿದ್ದಾರೆ. ಕೀಲಿಂಗ್ ಬಂದರಿನೊಳಕ್ಕೆ ಗಾಳಿಗೆದುರಾಗಿ ದೋಣಿ ತರಲು ಹಿಡಿದ ಹೊತ್ತೂ ಅದರಲ್ಲೇ ಸೇರಿತ್ತು.